ಸಂಪಾದಕರ ಉತ್ತರ: ಅರ್ಜಿ ತುಂಬುವವರಿಗೂ ಪ್ರಶಸ್ತಿಯೇ?

ಸಕಲೇಶಪುರದ ಓದುಗರೊಬ್ಬರು ಬರೆದಿದ್ದಾರೆ: “ಅಮೆರಿಕದ ವಲಸೆ ವಕೀಲರ ಹೊಸ ಕಾರ್ಯವಿಧಾನಕ್ಕೆ ಪ್ರಶಸ್ತಿ ಕೊಡುವ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಹೊಗಳಿ ಬರೆದಿದ್ದೀರಿ. ಹಾಸನದ ಕೋರ್ಟಿನ ಮುಂದೆ ಕೂತ ಟೈಪಿಸ್ಟ್ ಮಾಡುವ ಕೆಲಸ ಅದು. ನನ್ನ ಮಗನ ಹತ್ತಿರ ಸಾವಿರಾರು ಡಾಲರ್ ಕಿತ್ತವರಿಗೆ ಸನ್ಮಾನ ಬೇರೆ ಕೇಡು!”

ಮಾನ್ಯರೇ, ನಿಮ್ಮ ಸಿಟ್ಟು ಅರ್ಧ ಸರಿ. ವಕೀಲರು ಜಾಹೀರಾತು ಕೊಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿತು. ನಮ್ಮ ಬಾರ್ ಕೌನ್ಸಿಲಿನ 36ನೇ ನಿಯಮವೋ, ಜಾಹೀರಾತು ಬೇಡವೆಂದದ್ದಲ್ಲದೆ ವಕೀಲರ ಬೋರ್ಡಿನ ಗಾತ್ರವನ್ನೂ ಬಿಟ್ಟಿಲ್ಲ. ಹಾಗಾಗಿ ಅಲ್ಲಿನ ಪ್ರಶಸ್ತಿಯಲ್ಲಿ ಮೆಚ್ಚುಗೆ ಎಷ್ಟು, ಪ್ರಚಾರ ಎಷ್ಟು ಅಂತ ಸೋಸಿಯೇ ನೋಡಬೇಕು.

ಟೈಪಿಸ್ಟ್ ಹೋಲಿಕೆ ಮಾತ್ರ ಒಪ್ಪಲಾರೆ. (ಅದು ಟೈಪಿಸ್ಟರಿಗೂ ಅನ್ಯಾಯ, ಅರ್ಧ ಜಿಲ್ಲೆಯ ಅರ್ಜಿ ತಿದ್ದಿದವರು ಅವರು.) ನನ್ನ ತಂಗಿ ಮಗನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಊರು, ಅಪ್ಪ ಎಲ್ಲ ಇನಿಷಿಯಲ್‌ನಲ್ಲೇ ಮುಗಿಯುತ್ತಲ್ಲ! ಅಮೆರಿಕದ ವೀಸಾದಲ್ಲಿ ಅವನ ಹೆಸರು ಇಡಿಯಾಗಿ ಸರ್‌ನೇಮ್ ಕಡೆ ಹಾರಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಬಂತು. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ತರ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ತರ. ಮೊದಲು ಹಿಡಿದ ವಕೀಲರು ಇದನ್ನು ಕಣ್ಣೆತ್ತಿ ನೋಡದೆ ಗ್ರೀನ್ ಕಾರ್ಡ್ (ಅಲ್ಲೇ ಕಾಯಂ ನೆಲೆಸುವ ಪರವಾನಗಿ) ಅರ್ಜಿ ಕಳಿಸಿದರು. ದಾಖಲೆ ಸಾಲದೆಂದು ನೋಟಿಸ್ ಬಂತು, ಇಲ್ಲಿ ತಂಗಿ ಕಚೇರಿ ಮೆಟ್ಟಿಲು ಸವೆಸಿದಳು. ಎರಡನೆಯ ವಕೀಲರು ಮೊದಲ ದಿನವೇ ಎಲ್ಲ ದಾಖಲೆ ಸ್ಕ್ಯಾನ್ ಮಾಡಿಸಿ, ಹೆಸರುಗಳ ವ್ಯತ್ಯಾಸ ಹಿಡಿಯುವ ತಂತ್ರಾಂಶಕ್ಕೆ ಹಾಕಿದರು. ಕಡತ ಇವನ ಮೊಬೈಲಿನಲ್ಲೂ ಕಾಣುತ್ತಿತ್ತು. ಕಳಿಸುವ ಮುಂಚೆ ತಾವೇ ಕೂತು ಪ್ರತಿ ಪುಟ ಓದಿದರು. ಹಾರ ಹಾಕುವುದಾದರೆ ಇಂಥವರಿಗೆ ಹಾಕಲಿ.

ಓದದಿದ್ದರೆ ಏನಾಗುತ್ತದೆ? ಚಾಟ್‌ಜಿಪಿಟಿ ಹೆಣೆದುಕೊಟ್ಟ, ಇಲ್ಲವೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ನ್ಯೂಯಾರ್ಕಿನ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಅದು ವಲಸೆ ಕೇಸಲ್ಲ, ವಿಮಾನದಲ್ಲಿ ಪೆಟ್ಟಾದವರೊಬ್ಬರದು. ಆದರೆ ವಲಸೆ ಕಡತದಲ್ಲಿ ಹೀಗಾದರೆ ದಂಡ ವಕೀಲರಿಗೆ, ಗಂಟುಮೂಟೆ ಕಟ್ಟುವ ಪಾಡು ಕಕ್ಷಿದಾರನಿಗೆ.

ಇನ್ನು, ಗ್ರೀನ್ ಕಾರ್ಡಿಗೆ ಕಾಯುವವರ ಸಾಲು ಬೇಗ ಕರಗಿಸುತ್ತೇನೆ ಅನ್ನುವವರನ್ನು ನಂಬಬೇಡಿ. ಉದ್ಯೋಗದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ ಹಾಕಿರುವುದು ಕಾನೂನು; ಅದನ್ನು ಯಾವ ತಂತ್ರಾಂಶವೂ ಸಡಿಲಿಸದು. ನಮ್ಮ ಲೇಖನದಲ್ಲೇ ಇದನ್ನು ಹೇಳಬೇಕಿತ್ತು, ತಪ್ಪು ನನ್ನದು.

ಮಗ ಫೋನ್ ಮಾಡಿದಾಗ ಕೇಳಿ: ಜಿ-28 ಫಾರಂಗೆ (ಈ ಅರ್ಜಿದಾರನ ವಕೀಲ ನಾನೇ ಎಂದು ವಲಸೆ ಇಲಾಖೆಗೆ ತಿಳಿಸುವ ಫಾರಂ) ಸಹಿ ಹಾಕಿದ ವಕೀಲರು ನಿನ್ನ ಅರ್ಜಿ ತಾವೇ ಓದಿದರಾ, ನಿನಗೂ ಓದಲು ಕೊಟ್ಟರಾ? ಅವನು ಏನಂದ ಅಂತ ನಮಗೂ ಒಂದು ಸಾಲು ಬರೆಯಿರಿ.

— ಸಂಪಾದಕ