ಊರಿನ ಮಠದಲ್ಲಿರುವ ತಾಳೆಗರಿ, ಕಡತಗಳನ್ನು ಉಳಿಸಿ ಸ್ಕ್ಯಾನ್ ಮಾಡಿಸಲು ಸರ್ಕಾರದ ದುಡ್ಡು ಸಿಗುತ್ತಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಊರಿನ ಮಠದ ಅಟ್ಟದಲ್ಲಿ ತಾಳೆಗರಿ ಕಟ್ಟುಗಳು, ಕಡತಗಳು (ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕಗಳು), ಒಂದಷ್ಟು ಮೋಡಿ, ಅಂದರೆ ಕೈ ಎತ್ತದೆ ಗೀಚಿದ ಬರಹದ, ಕಾಗದಗಳಿವೆ, ಇವನ್ನು ಉಳಿಸಿ ಸ್ಕ್ಯಾನ್ ಮಾಡಿಸಲು ಸರ್ಕಾರದಿಂದ ಹಣ ಸಿಗುತ್ತದೆಯೇ ಎಂಬುದು ಒಂದು. ಊರಿಗೆ ಸರಿಯಾದ ರಸ್ತೆ ಇಲ್ಲ, ಹಳೇ ಕಾಗದಕ್ಕೆ ಯಾಕೆ ತೆರಿಗೆ ಹಣ ಎಂದು ಕೆಲವರು ಕೇಳುತ್ತಿದ್ದಾರೆ, ಅವರಿಗೆ ಏನು ಹೇಳಲಿ ಎಂಬುದು ಇನ್ನೊಂದು.

ಹಣ ಸಿಗುತ್ತದೆ. ಆದರೆ ಸುಲಭವಾಗಿ ಸಿಗುವುದು ಸ್ಕ್ಯಾನಿಂಗ್ ಖರ್ಚಿಗೆ ಮಾತ್ರ. ಅದಕ್ಕೂ ಮುಂಚೆ ಒಂದು ಪಟ್ಟಿ ಆಗಬೇಕು. ಆಮೇಲೆ ಸ್ಕ್ಯಾನ್ ಆದದ್ದನ್ನು ಜನ ನೋಡುವ ಹಾಗೆ ಇಡಬೇಕು. ಈ ಎರಡಕ್ಕೂ ಯಾರೂ ಕೈಬಿಚ್ಚಿ ಕೊಡುವುದಿಲ್ಲ. ನಾನು ಬಹಳ ವರ್ಷ ಹಸ್ತಪ್ರತಿಗಳ ಪಟ್ಟಿ ಮಾಡುವ ಕೆಲಸದಲ್ಲೇ ಇದ್ದವನು, ಹಾಗಾಗಿ ನನ್ನ ಮಾತು ಸ್ವಲ್ಪ ಪಟ್ಟಿಯ ಕಡೆಗೆ ವಾಲಿದರೆ ಸಹಿಸಿಕೊಳ್ಳಿ.

ಒಂದು ಗ್ರಂಥಭಂಡಾರಕ್ಕೆ ಹೋಗಿದ್ದೆ, ಹೆಸರು ಬೇಡ. ಸರ್ಕಾರದ ಅನುದಾನದಲ್ಲಿ ತಾಳೆಗರಿಗಳ ಸ್ಕ್ಯಾನಿಂಗ್ ಪೂರ್ತಿ ಮುಗಿದಿತ್ತು. ಪುಟಕ್ಕಿಷ್ಟು ಎಂದು ಗುತ್ತಿಗೆ ಕೊಟ್ಟಿದ್ದರು. ಬೀರುವಿನಿಂದ ಹಾರ್ಡ್ ಡಿಸ್ಕ್ ತೆಗೆದು ತೋರಿಸಿದರು. ಒಳಗೆ ಸಾವಿರಾರು ಫೈಲುಗಳು, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಯಾವ ಚಿತ್ರ ಯಾವ ಕಟ್ಟಿನದು ಎಂದು ಹೇಳುವವರೇ ಇಲ್ಲ. ಎಷ್ಟೋ ಗರಿಗಳಲ್ಲಿ ಕೊರೆದ ಅಕ್ಷರಕ್ಕೆ ತುಂಬಿದ್ದ ಮಸಿ ಹೋಗಿತ್ತು, ಅವನ್ನು ಹಾಗೆಯೇ ಸ್ಕ್ಯಾನರ್ ಕೆಳಗೆ ಇಟ್ಟಿದ್ದಾರೆ. ಚಿತ್ರದಲ್ಲಿ ಕಾಣುವುದು ಬೋಳು ಗರಿ. ಪುಟದ ಲೆಕ್ಕ ಸರಿ ಹೋಗಿದೆ, ಬಿಲ್ಲೂ ಪಾಸಾಗಿದೆ.

ದೊಡ್ಡ ಮಟ್ಟದಲ್ಲೂ ಇದೇ ಕಥೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆ ನೆನಪಿದೆಯೇ? ಈ ಶತಮಾನದ ಶುರುವಿನಲ್ಲಿ ಆರಂಭವಾದದ್ದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಅದರಲ್ಲಿ ದೊಡ್ಡ ಪಾತ್ರ ಇತ್ತು. ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಆದವು, ಕನ್ನಡದವೂ ಬಹಳ ಇದ್ದವು. ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಟೈಪ್ ಮಾಡಿದ್ದರಿಂದ ಬೇಕಾದ ಪುಸ್ತಕ ಹುಡುಕುವುದೇ ಒಂದು ಸಾಹಸ. ಕೊನೆಗೆ ಆ ವೆಬ್‌ಸೈಟೇ ಮುಚ್ಚಿತು. ಯಾರೋ ಮೊದಲೇ ಎತ್ತಿಟ್ಟಿದ್ದಕ್ಕೆ ಅದರ ಬಹುಪಾಲು ಇವತ್ತು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ತಪ್ಪು ಹೆಸರುಗಳ ಸಮೇತ!

ಈಗ ಹಣ ಎಲ್ಲಿದೆ ಎಂಬ ವಿಷಯ. ಕೇಂದ್ರ ಸರ್ಕಾರದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ 2003ರಲ್ಲಿ ಶುರುವಾಯಿತು. 2025-26ರ ಬಜೆಟ್‌ನಲ್ಲಿ ಅದಕ್ಕೆ ‘ಜ್ಞಾನ ಭಾರತಂ’ ಎಂಬ ಹೊಸ ರೂಪ ಬಂತು. ಅಲ್ಲಿಯವರೆಗೆ ವರ್ಷಕ್ಕೆ 3.5 ಕೋಟಿ ರೂಪಾಯಿ ಇದ್ದದ್ದು ಒಮ್ಮೆಗೇ 60 ಕೋಟಿ ಆಯಿತು. ವಿದ್ಯಾಸಂಸ್ಥೆಗಳು, ಮ್ಯೂಸಿಯಂಗಳು, ಗ್ರಂಥಾಲಯಗಳು, ಖಾಸಗಿ ಸಂಗ್ರಹಗಳು ಎಲ್ಲವನ್ನೂ ಸೇರಿಸಿ 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆ ಅದರ ಗುರಿ. ಆ ವರ್ಷದ ಹಣವನ್ನು ಸುಮ್ನೆ ಭಾಗಿಸಿ ನೋಡಿದರೆ ಒಂದು ಹಸ್ತಪ್ರತಿಗೆ 60 ರೂಪಾಯಿ ಬರುತ್ತದೆ. ಕೆಲಸ ಒಂದೇ ವರ್ಷದಲ್ಲಿ ಮುಗಿಯುವುದಿಲ್ಲ, ಮುಂದೆಯೂ ಹಣ ಬರುತ್ತದೆ, ಸರಿ. ಆದರೂ 60 ಕೋಟಿ ಎಂದಾಗ ಆಗುವ ಖುಷಿ ಸ್ವಲ್ಪ ಇಳಿಯುತ್ತದೆ, ಅಲ್ವಾ?

ಹಳೆಯ ಮಿಷನ್ ಮಾಡಿದ್ದೆಷ್ಟು ಎಂಬ ಲೆಕ್ಕವನ್ನು ಸರ್ಕಾರವೇ ಕೊಟ್ಟಿದೆ. ವಿವರ ದಾಖಲಾದ ಹಸ್ತಪ್ರತಿಗಳು ಸುಮಾರು 52 ಲಕ್ಷ. ಡಿಜಿಟಲ್ ಆದವು ಸುಮಾರು 3.5 ಲಕ್ಷ. ಜಾಲತಾಣಕ್ಕೆ ಏರಿಸಿದ್ದು ಸುಮಾರು 1.35 ಲಕ್ಷ. ಅದರಲ್ಲೂ ನಾವು ನೀವು ಮುಕ್ತವಾಗಿ ನೋಡಬಹುದಾದವು 76 ಸಾವಿರದಷ್ಟು. ಅಂದರೆ ಸಾರ್ವಜನಿಕರ ದುಡ್ಡಿನಲ್ಲಿ ಸ್ಕ್ಯಾನ್ ಆದ ಐದರಲ್ಲಿ ನಾಲ್ಕು ಸಾರ್ವಜನಿಕರ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಮಠದ ಗರಿಗಳು ಆ ನಾಲ್ಕರ ಸಾಲಿಗೆ ಸೇರಬಾರದು ಎಂದಿದ್ದರೆ ಅರ್ಜಿ ಹಾಕುವಾಗಲೇ ಎಚ್ಚರ ಬೇಕು.

ಜ್ಞಾನ ಭಾರತಂ ಬಿಟ್ಟರೆ ಹಳೇ ದಾಖಲೆಗಳನ್ನು ಕಾಪಾಡುವ ದೆಹಲಿಯ ರಾಷ್ಟ್ರೀಯ ಪತ್ರಾಗಾರದ್ದೊಂದು ಸಹಾಯಧನ ಯೋಜನೆ ಇದೆ. ಹಸ್ತಪ್ರತಿ, ಅಪರೂಪದ ಪುಸ್ತಕ ಇಟ್ಟುಕೊಂಡಿರುವ ನೋಂದಾಯಿತ ಸಂಘ ಸಂಸ್ಥೆಗಳಿಗಾಗಿ ಮಾಡಿದ್ದು. ಪೂರ್ತಿ ಖರ್ಚು ಅವರೇ ಕೊಡುವುದಿಲ್ಲ, ನಿಮ್ಮದೂ ಒಂದು ಪಾಲು ಇರಬೇಕು. ರಾಜ್ಯದಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ. ಬೆಂಗಳೂರಿನ ಕಚೇರಿಯಲ್ಲದೆ ಮೈಸೂರು, ಧಾರವಾಡ, ಕಲಬುರಗಿಯಲ್ಲೂ ಅದರ ಕಚೇರಿಗಳಿವೆ. ಅಲ್ಲಿಂದ ಹಣಕ್ಕಿಂತ ಸಲಹೆ ಜಾಸ್ತಿ ಸಿಗಬಹುದು, ಆದರೆ ಆ ಸಲಹೆಯೂ ಬೇಕಾದದ್ದೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆ, ಕೆಳದಿಯ ಮ್ಯೂಸಿಯಂ ಇವೆಲ್ಲ ಹಿಂದಿನ ಮಿಷನ್ ಜೊತೆ ಕೆಲಸ ಮಾಡಿದಂಥವು. ನಿಮಗೆ ಹತ್ತಿರ ಇರುವ ಒಂದರ ಬಾಗಿಲು ಮೊದಲು ತಟ್ಟಿ. ಇಂಥ ಸಂಸ್ಥೆಯ ಜೊತೆ ಸೇರಿ ಹಾಕುವ ಅರ್ಜಿಗೆ ತೂಕ ಬೇರೆ.

ಹಳ್ಳಿಯವರು ಸಾಮಾನ್ಯವಾಗಿ ಸೋಲುವುದು ಕಾಗದಪತ್ರದಲ್ಲಿ. ಮಠದ ಹೆಸರಿನಲ್ಲಿ ನೋಂದಣಿಯಾದ ಟ್ರಸ್ಟ್ ಇರಬೇಕು, ಅದಕ್ಕೆ ಪ್ಯಾನ್ ಬೇಕು, ಆಡಿಟ್ ಆದ ಲೆಕ್ಕ ಬೇಕು. ಕೇಂದ್ರದ ಅನುದಾನಕ್ಕೆ ಎನ್‌ಜಿಒ ದರ್ಪಣ್ ಎಂಬ, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರಿ ಪೋರ್ಟಲ್‌ನ ಐಡಿ ಕೇಳುತ್ತಾರೆ. ಹಣ ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಖರ್ಚಾದದ್ದಕ್ಕೆ ಯುಟಿಲೈಸೇಶನ್ ಸರ್ಟಿಫಿಕೇಟ್ ಕೊಡದಿದ್ದರೆ ಎರಡನೆಯದು ಬರುವುದಿಲ್ಲ. ಊರಿನಲ್ಲಿ ನಿವೃತ್ತ ಬ್ಯಾಂಕ್ ನೌಕರರೋ ಲೆಕ್ಕಪತ್ರ ಬಲ್ಲ ಮೇಷ್ಟರೋ ಇದ್ದರೆ ಅವರನ್ನು ಇವತ್ತೇ ಹಿಡಿದುಕೊಳ್ಳಿ. ಹಸ್ತಪ್ರತಿ ತಜ್ಞರಿಗಿಂತ ಅವರ ಅಗತ್ಯ ನಿಮಗೆ ಹೆಚ್ಚು.

ಇನ್ನು ಪಟ್ಟಿ. ಇದಕ್ಕೆ ಯಾರ ಹಣವೂ ಬೇಡ, ನಾಳೆಯೇ ಶುರು ಮಾಡಬಹುದು. ಒಂದು ದಪ್ಪ ನೋಟ್‌ಬುಕ್ ಸಾಕು. ಪ್ರತಿ ಕಟ್ಟಿಗೂ ಒಂದು ನಂಬರು ಕೊಡಿ. ನಂಬರನ್ನು ಗರಿಯ ಮೇಲೆ ಬರೆಯಬೇಡಿ. ಚೀಟಿಯಲ್ಲಿ ಬರೆದು ದಾರಕ್ಕೆ ಕಟ್ಟಿ. ಉದ್ದ ಅಗಲ ಎಷ್ಟು, ಗರಿಗಳೆಷ್ಟು, ಲಿಪಿ ಯಾವುದು, ಭಾಷೆ ಯಾವುದು, ಹುಳ ತಿಂದಿದೆಯೇ, ಅಂಚು ಮುರಿದಿದೆಯೇ, ಅಟ್ಟದ ಯಾವ ಮೂಲೆಯಲ್ಲಿ ಯಾವುದರ ಜೊತೆ ಇತ್ತು ಎಂಬುದನ್ನೆಲ್ಲ ಬರೆಯಿರಿ. ಓದಲು ಬಂದರೆ ಮೊದಲ ಸಾಲು, ಕೊನೆಯ ಸಾಲು ಬರೆದುಕೊಳ್ಳಿ. ಕೊನೆಯ ಗರಿ ಬಹಳ ಮುಖ್ಯ. ಪ್ರತಿ ಮಾಡಿದವನ ಹೆಸರು, ಊರು, ಯಾರಿಗಾಗಿ ಬರೆದ, ಯಾವ ಸಂವತ್ಸರ, ಯಾವ ತಿಥಿ ಎಲ್ಲ ಅಲ್ಲಿರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಹಾಗಾಗಿ ಅದೊಂದನ್ನೇ ನೋಡಿ ಕಾಲ ಹೇಳಲು ಆಗುವುದಿಲ್ಲ. ಶಕ ವರ್ಷ ಇದ್ದರೆ ಬಿಡದೆ ಬರೆಯಿರಿ. ಇನ್ನೊಂದು ವಿಷಯ, ಒಂದು ಕಟ್ಟಿನಲ್ಲಿ ಒಂದೇ ಕೃತಿ ಇರುತ್ತದೆ ಎಂದುಕೊಳ್ಳಬೇಡಿ. ಅರ್ಧ ವಚನ, ಅರ್ಧ ವೈದ್ಯ, ಕೊನೆಗೆ ಯಾರದೋ ಸಾಲದ ಲೆಕ್ಕ, ಹೀಗೆಲ್ಲ ಇರುತ್ತದೆ. ಸ್ಕ್ಯಾನ್ ಮಾಡುವ ಹುಡುಗರಿಗೆ ಇದು ಗೊತ್ತಾಗುವುದಿಲ್ಲ, ಅವರು ಒಂದೇ ಹೆಸರಿನಲ್ಲಿ ಎಲ್ಲ ಸೇರಿಸಿಬಿಡುತ್ತಾರೆ.

ಕಡತಗಳ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಗೆ ಮಾಡಿ, ಅದರ ಮೇಲೆ ಬಳಪದಲ್ಲಿ ಬರೆದ ಮಡಿಕೆ ಪುಸ್ತಕ ಅದು. ಶಾಲೆಯ ಸ್ಲೇಟಿನಂತೆ ಅಕ್ಷರ ಕೈ ತಾಗಿದರೆ ಅಳಿಸುತ್ತದೆ. ಧೂಳು ಕಂಡಿತೆಂದು ಬಟ್ಟೆಯಲ್ಲಿ ಒರೆಸಿದರೆ ಧೂಳಿನ ಜೊತೆ ಇತಿಹಾಸವೂ ಹೋಯಿತು. ಕಡತವನ್ನು ಬಿಚ್ಚಿದ ಕೂಡಲೇ ಮೊಬೈಲಿನಲ್ಲಾದರೂ ಸರಿ, ಫೋಟೋ ತೆಗೆಯಿರಿ. ಶುಚಿ ಮಾಡುವುದು ಆಮೇಲೆ, ಅದೂ ತಿಳಿದವರಿಂದ.

ತಾಳೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುವುದು, ಮಸಿ ತುಂಬುವುದು ಹಳೆಯ ಪದ್ಧತಿ. ಇದನ್ನೂ ಕಲಿತವರ ಕೈಯಲ್ಲೇ ಮಾಡಿಸಿ. ಕಾಗದಕ್ಕೆ ಸೆಲ್ಲೋಟೇಪ್ ಬೇಡ, ಲ್ಯಾಮಿನೇಶನ್ ಬೇಡವೇ ಬೇಡ. ಒಮ್ಮೆ ಲ್ಯಾಮಿನೇಟ್ ಆದ ಕಾಗದವನ್ನು ಬಿಡಿಸುವಷ್ಟರಲ್ಲಿ ಕಾಗದವೇ ಉಳಿಯುವುದಿಲ್ಲ. ಅಟ್ಟ ಸೋರುತ್ತಿದ್ದರೆ ಮಳೆಗಾಲಕ್ಕೆ ಮುಂಚೆ ಎಲ್ಲವನ್ನೂ ಕೆಳಗಿಳಿಸಿ ಗೋಡೆಗೆ ತಾಗದಂತೆ ಇಡಿ. ಹಂಚು ಸರಿಮಾಡಿಸುವುದೂ ಸಂರಕ್ಷಣೆಯೇ. ಅನುದಾನದ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇರುವುದಿಲ್ಲ ಅಷ್ಟೇ.

ಈಗ ರಸ್ತೆ ಕೇಳುವವರ ಮಾತಿಗೆ ಬರೋಣ. ಅವರದು ತಪ್ಪು ಪ್ರಶ್ನೆಯೇನಲ್ಲ. ನಾನಾದರೆ ಮೈಸೂರು ಸಂಸ್ಥಾನದ ಉದಾಹರಣೆ ಕೊಡುತ್ತೇನೆ. ಸಂಸ್ಥಾನದ ಪುರಾತತ್ವ ಅಧಿಕಾರಿಯಾಗಿದ್ದ ಬಿ.ಎಲ್. ರೈಸ್ ಮತ್ತು ಅವರ ಪಂಡಿತರು ಊರೂರು ಸುತ್ತಿ ಸುಮಾರು 9 ಸಾವಿರ ಶಾಸನಗಳನ್ನು ದಾಖಲಿಸಿದರು. 1886ರಿಂದ 1905ರ ನಡುವೆ ಆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳು ಬಂದವು. ಅದು ಸರ್ಕಾರದ ಖರ್ಚು. ಅವರು ನೋಡಿದ ಎಷ್ಟೋ ಕಲ್ಲುಗಳು ಇವತ್ತು ಇಲ್ಲ. ಯಾವುದೋ ಲೇಔಟಿನ ಪಾಯದಲ್ಲಿ, ಚರಂಡಿಯಲ್ಲಿ ಸೇರಿಹೋಗಿವೆ. ಊರಿನ ಹಳೇ ಹೆಸರು, ಕೆರೆ ಕಟ್ಟಿಸಿದವರ ಹೆಸರು ನಮಗೆ ಗೊತ್ತಿರುವುದು ಆ ಪುಸ್ತಕಗಳಿಂದ.

ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕ ಕಥೆ ನಿಮಗೆ ಗೊತ್ತೇ ಇರುತ್ತದೆ. ತಂಜಾವೂರು ಕಡೆಯ ಪಂಡಿತರೊಬ್ಬರು ಅದರ ತಾಳೆಗರಿ ತಂದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು. 1891ರಲ್ಲಿ ಸಂಸ್ಥಾನ ಕಟ್ಟಿಸಿದ ಲೈಬ್ರರಿ ಅದು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಕೂತು ಓದಿದರು, ಇದೇನೆಂದು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಇಲ್ಲಿ ಗಮನಿಸಬೇಕಾದದ್ದು ಗರಿಯಲ್ಲ, ಓದುವ ಮನುಷ್ಯನಿಗೆ ಸರ್ಕಾರ ಸಂಬಳ ಕೊಟ್ಟದ್ದು. ಇವತ್ತಿನ ಯೋಜನೆಗಳಲ್ಲಿ ಸ್ಕ್ಯಾನರ್‌ಗೆ ಹಣ ಇದೆ, ಶಾಮಶಾಸ್ತ್ರಿಗಳ ಕುರ್ಚಿ ಖಾಲಿ. ಮಠದ್ದೇ ಉದಾಹರಣೆ ಬೇಕಿದ್ದರೆ ಶೃಂಗೇರಿ ಇದೆ. ಮರಾಠಾ ಸೈನ್ಯದ ದಾಳಿಗೆ ಸಿಕ್ಕ ಮಠಕ್ಕೆ ಟಿಪ್ಪು ಸುಲ್ತಾನ ಬರೆಸಿದ ಕನ್ನಡ ಪತ್ರಗಳು ಅಲ್ಲಿನ ಕಾಗದಗಳ ಮಧ್ಯೆ ಇದ್ದವು. 1916ರಲ್ಲಿ ಅವನ್ನು ಬೆಳಕಿಗೆ ತಂದವರು ಆರ್. ನರಸಿಂಹಾಚಾರ್ಯರು. ಅವರೂ ಸಂಸ್ಥಾನದ ಪುರಾತತ್ವ ಇಲಾಖೆಯ ಅಧಿಕಾರಿಯೇ.

ಸರ್ಕಾರದ ಹಣ ಇಲ್ಲದೆಯೂ ಮಾಡಿದವರಿಲ್ಲವೇ ಎಂದರೆ ಇದ್ದಾರೆ. ಫ.ಗು. ಹಳಕಟ್ಟಿಯವರು ವಕೀಲಿಕೆ ಮಾಡುತ್ತಾ ಮನೆಮನೆ ಅಲೆದು ವಚನಗಳ ಕಟ್ಟು ಸಂಗ್ರಹಿಸಿದರು, ಕೈಯಿಂದ ದುಡ್ಡು ಸುರಿದು ಅಚ್ಚು ಮಾಡಿಸಿದರು. ಊರಿಗೊಬ್ಬ ಹಳಕಟ್ಟಿ ಹುಟ್ಟಲಿ ಎಂದು ಕಾಯುತ್ತಾ ಕೂರುವುದು ಯೋಜನೆ ಅಲ್ಲ.

ಮತ್ತೆ, ಮನಸ್ಸು ಮಾಡಿದರೆ ಸರ್ಕಾರಕ್ಕೆ ಇದು ಕಷ್ಟವೂ ಅಲ್ಲ. ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆ ನೋಡಿ. ಮೊದಲು ಜಿಲ್ಲೆಗೊಂದು ತಾಲ್ಲೂಕಿನಲ್ಲಿ ಶುರು ಮಾಡಿ, ಆಮೇಲೆ ಉಳಿದ ಕಡೆಗೂ ಹಬ್ಬಿಸಿ ರೆಕಾರ್ಡ್ ರೂಮಿನ ಹಳೇ ಕಾಗದಗಳನ್ನು ಕೋಟಿಗಟ್ಟಲೆ ಪುಟ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಸುಮ್ಮನೆ ಸ್ಕ್ಯಾನ್ ಅಲ್ಲ, ಫೈಲುಗಳಿಗೆ ಇಂಡೆಕ್ಸ್ ಮಾಡಿ, ಜನ ಹುಡುಕಿ ಪ್ರತಿ ಪಡೆಯುವ ಹಾಗೆ. ಅಲ್ಲಿ ಯಾಕೆ ಆಯಿತು? ಜಮೀನಿನ ವಿಷಯ, ಪ್ರತಿ ಮನೆಯವರೂ ಕೇಳುತ್ತಾರೆ. ನಿಮ್ಮ ಕಡತಗಳಲ್ಲೂ ಇನಾಮು, ಉಂಬಳಿ, ಕೆರೆ ನೀರಿನ ಸರದಿ, ಜಾತ್ರೆಯ ಮರ್ಯಾದೆಯ ಲೆಕ್ಕ ಇರುವ ಸಾಧ್ಯತೆ ಬಹಳ. ಒಂದು ಪುಟ ಓದಿಸಿ ಊರಿನವರ ಮುಂದೆ ಇಡಿ. ತಮ್ಮ ಮುತ್ತಜ್ಜನ ಹೆಸರು ಕಂಡವರು ರಸ್ತೆಯ ಮಾತನ್ನು ಸ್ವಲ್ಪ ಹೊತ್ತು ಮರೆಯುತ್ತಾರೆ.

ಗರಿ ತೋರಿಸಿದರೆ ಸರ್ಕಾರ ಕಿತ್ತುಕೊಳ್ಳುತ್ತದೆ ಎಂಬ ಭಯ ಎಲ್ಲ ಮಠಗಳಲ್ಲೂ ಇದೆ. ದಾಖಲಿಸಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ಆದರೆ 75 ವರ್ಷ ದಾಟಿದ, ಮಹತ್ವದ ಹಸ್ತಪ್ರತಿ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವುದು ಅಪರಾಧ. ಒಳ್ಳೆ ರೇಟು ಕೊಡುತ್ತೇನೆ ಎಂದು ಯಾರಾದರೂ ಬಂದರೆ ಸ್ವಾಮಿಗಳಿಗೆ ಇದನ್ನು ಮೊದಲೇ ಹೇಳಿಡಿ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಮಾತು ಬರಹದಲ್ಲಿ ಇರಲಿ. ಮೂಲ ಚಿತ್ರಗಳ ಪೂರ್ತಿ ಒಂದು ಪ್ರತಿ, ಟಿಫ್ (ಗುಣಮಟ್ಟ ಕುಗ್ಗದ ಚಿತ್ರರೂಪ) ಫೈಲುಗಳಲ್ಲಿ, ಮಠಕ್ಕೆ ಕೊಡಬೇಕು. ಫೈಲಿನ ಹೆಸರಿನಲ್ಲಿ ನಿಮ್ಮ ಪಟ್ಟಿಯ ನಂಬರೇ ಇರಬೇಕು. ಪಟ್ಟಿಯಲ್ಲಿರುವ ಗರಿಗಳ ಸಂಖ್ಯೆಗೂ ಚಿತ್ರಗಳಿಗೂ ತಾಳೆ ನೋಡಿದ ಮೇಲೆಯೇ ಗುತ್ತಿಗೆದಾರರಿಗೆ ಕೊನೆಯ ಹಣ. ಇಂಥ ದಿನದೊಳಗೆ ಎಲ್ಲರೂ ನೋಡುವಂತೆ ಜಾಲದಲ್ಲಿ ಹಾಕಬೇಕು. ಯಾವುದಾದರೂ ಧಾರ್ಮಿಕ ಕಾರಣಕ್ಕೆ ಒಂದೆರಡು ಕಟ್ಟು ಗೋಪ್ಯ ಇರಬೇಕೆಂದು ಸ್ವಾಮಿಗಳು ಹೇಳಿದರೆ ಅವನ್ನು ಹೆಸರಿಸಿ ಹೊರಗಿಡಿ, ಉಳಿದದ್ದಕ್ಕೆ ಅದೇ ನೆಪ ಆಗುವುದು ಬೇಡ.

ಮೋಡಿ ಕಾಗದಗಳದು ಬೇರೆ ದಾರಿ. ಮೊದಲು ಅದು ಮರಾಠಿಗೆ ಬಳಸುತ್ತಿದ್ದ ಮೋಡಿ ಲಿಪಿಯೋ, ಕೈ ಎತ್ತದೆ ಗೀಚಿದ ಹಳೇ ಕನ್ನಡ ಅಕ್ಷರವೋ ನೋಡಿಸಿ. ನಮ್ಮಲ್ಲಿ ಎರಡನ್ನೂ ಮೋಡಿ ಎನ್ನುತ್ತಾರೆ. ಎರಡು ಮೂರು ಕಾಗದಗಳ ಸ್ಪಷ್ಟ ಫೋಟೋ ತೆಗೆದುಕೊಂಡು ಧಾರವಾಡದ ಪತ್ರಾಗಾರಕ್ಕೆ ಹೋದರೆ ಅಲ್ಲಿ ಗುರುತು ಹೇಳಬಲ್ಲವರು ಸಿಗಬಹುದು. ಮೂಲ ಕಾಗದ ಮಾತ್ರ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಬೇಡಿ.