ಹೊಸ್ತಿಲ ಮುಂದಿನ ಸ್ವಸ್ತಿಕ

ಪತ್ರ: ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎರಡು ವರ್ಷವಾಯಿತು. ದೀಪಾವಳಿಗೆ ಫ್ಲ್ಯಾಟಿನ ಬಾಗಿಲ ಮುಂದೆ ರಂಗೋಲಿ ಹಾಕಿ, ನಡುವೆ ಸ್ವಸ್ತಿಕ ಬರೆದೆ. ಎದುರು ಮನೆಯ ಅಜ್ಜಿ ಅದನ್ನು ನೋಡಿ ಮಾತಾಡದೆ ಬಾಗಿಲು ಹಾಕಿಕೊಂಡರು. ಮಾರನೇ ದಿನ ಕಟ್ಟಡ ನೋಡಿಕೊಳ್ಳುವವರು ಬಂದು, ಅಳಿಸದಿದ್ದರೆ ಪೊಲೀಸರಿಗೆ ಹೇಳಬೇಕಾಗುತ್ತದೆ ಎಂದರು. ಅಳುತ್ತಲೇ ಅಳಿಸಿದೆ. ಯಾರೋ ಮಾಡಿದ ಪಾಪಕ್ಕೆ ನಮ್ಮ ದೇವರ ಗುರುತನ್ನು ನಾವ್ಯಾಕೆ ಅಳಿಸಬೇಕು? ಎಂಟು ವರ್ಷದ ಮಗಳು ‘ಅಮ್ಮಾ, ಅದು ಕೆಟ್ಟದ್ದಾ?’ ಅಂತ ಕೇಳುತ್ತಾಳೆ. ಏನು ಹೇಳಲಿ?
– ಒಬ್ಬ ಓದುಗರು, ಸ್ಟುಟ್‌ಗಾರ್ಟ್

ಸಂಪಾದಕರ ಉತ್ತರ:

ಪ್ರಿಯ ಸೋದರಿ,

ಹಬ್ಬದ ದಿನ ಸ್ವಂತ ಕೈಯಿಂದ ರಂಗೋಲಿ ಒರೆಸುವುದು ಎಂಥ ಸಂಕಟ ಅಂತ ನನಗೆ ಅರ್ಥವಾಗುತ್ತದೆ. ನೀವು ತಪ್ಪು ಮಾಡಿಲ್ಲ. ಆ ಅಜ್ಜಿಯೂ ತಪ್ಪು ಮಾಡಿಲ್ಲ.

ಮೊದಲು ಕಾನೂನಿನ ಮಾತು ಮುಗಿಸೋಣ. ಯಹೂದಿಗಳನ್ನು ಕೊಂದ ಹಿಟ್ಲರನ ನಾಜಿ ಪಕ್ಷ ಇದೇ ಆಕಾರವನ್ನು ತನ್ನ ಗುರುತಾಗಿ ಮಾಡಿಕೊಂಡಿತ್ತು. ಜರ್ಮನಿಯ ದಂಡ ಸಂಹಿತೆಯ 86ಎ ವಿಧಿಯ ಪ್ರಕಾರ ನಾಜಿ ಚಿಹ್ನೆಗಳನ್ನು ಬಹಿರಂಗವಾಗಿ ತೋರಿಸಿದರೆ ದಂಡ, ಇಲ್ಲವೇ ಮೂರು ವರ್ಷದವರೆಗೆ ಜೈಲು. ಅದರ ಗುರಿ ನಾಜಿಗಳ ಗುರುತು, ನಿಮ್ಮ ದೇವರ ಮನೆ ಅಲ್ಲ. 2007ರಲ್ಲಿ ಜರ್ಮನಿ ಈ ನಿಷೇಧವನ್ನು ಇಡೀ ಯುರೋಪಿಯನ್ ಒಕ್ಕೂಟಕ್ಕೆ ತರಲು ಹೊರಟಿತ್ತು. ಅಲ್ಲಿನ ಹಿಂದೂಗಳು ಎದ್ದು ನಿಂತು ವಿರೋಧಿಸಿದರು, ಆ ಯೋಜನೆ ಕೈಬಿಟ್ಟುಹೋಯಿತು. ಜರ್ಮನಿಯೊಳಗಿನ ಕಾನೂನು ಹಾಗೇ ಇದೆ, ಆದರೆ ಅದು ಪೂಜೆಯ ಗುರುತಿನ ಮೇಲಲ್ಲ. ಹಾಗಾಗಿ ಮನೆಯೊಳಗೆ, ಕಲಶದ ಮೇಲೆ, ಪೂಜೆಯ ಮಣೆಯ ಮೇಲೆ ಧೈರ್ಯವಾಗಿ ಬರೆಯಿರಿ. ಆದರೆ ಮೆಟ್ಟಿಲ ಹತ್ತಿರದ ಜಾಗ ಎಲ್ಲರೂ ಓಡಾಡುವ ಜಾಗ.

‘ನಮ್ಮದು ಬಲಕ್ಕೆ ತಿರುಗುತ್ತದೆ, ಅವರದು ಎಡಕ್ಕೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತನ್ನು ಮಾತ್ರ ನಂಬಬೇಡಿ. ಅವರದ್ದೂ ಬಲಕ್ಕೇ ತಿರುಗುತ್ತಿತ್ತು. ಬಾವುಟದಲ್ಲಿ ಓರೆಯಾಗಿ ನಿಲ್ಲಿಸಿದ್ದರು ನಿಜ, ಆದರೆ ಹಿಟ್ಲರನ ಸ್ವಂತ ಧ್ವಜದಲ್ಲಿ ಅದು ನಮ್ಮದರ ಹಾಗೆ ನೇರವಾಗಿಯೇ ಇತ್ತು. ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ ಇಟ್ಟರೂ ಹೆದರಿದ ಕಣ್ಣು ಅದನ್ನು ಎಣಿಸುತ್ತಾ ನಿಲ್ಲುವುದಿಲ್ಲ. ಅವರ ಬಾಯಲ್ಲಿ ಅದರ ಹೆಸರು ‘ಹಾಕೆನ್‌ಕ್ರಾಯ್ಟ್ಸ್’, ಅಂದರೆ ಕೊಕ್ಕೆ ಶಿಲುಬೆ. ಅಜ್ಜಿ ನೋಡಿದ್ದು ಅದನ್ನು. ನೀವು ಬರೆದದ್ದು ಸು-ಅಸ್ತಿ, ಒಳ್ಳೆಯದಾಗಲಿ ಅಂತ.

ಈಗ ಒಂದು ಕೆಲಸ ಮಾಡಿ. ನಿಮ್ಮ ಊರಿನ ಬೀದಿಗಳಲ್ಲಿ ನಡೆಯುವಾಗ ಹಳೇ ಮನೆಗಳ ಬಾಗಿಲ ಮುಂದೆ ನೆಲ ನೋಡಿ. ಅಂಗೈಯಗಲದ ಹಿತ್ತಾಳೆ ಕಲ್ಲುಗಳು ಸಿಗುತ್ತವೆ. ‘ಸ್ಟೋಲ್ಪರ್‌ಸ್ಟೈನ್’ ಎನ್ನುತ್ತಾರೆ, ಎಡವುಗಲ್ಲು. ನಾಜಿಗಳಿಗೆ ಬಲಿಯಾದವರ ನೆನಪಿಗೆ ಅವರಿದ್ದ ಮನೆಯ ಮುಂದೆ ಇಟ್ಟದ್ದು. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1990ರ ದಶಕದಲ್ಲಿ ಶುರು ಮಾಡಿದ ಕೆಲಸ ಅದು. ಈಗ ಯುರೋಪಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ. ‘ಇಲ್ಲಿ ವಾಸವಾಗಿದ್ದರು’ ಎಂದು ಶುರುವಾಗಿ, ಹೆಸರು, ಹುಟ್ಟಿದ ವರ್ಷ, ಎಳೆದೊಯ್ದ ವರ್ಷ, ಕೊಂದ ಜಾಗ ಎಲ್ಲ ಅದರ ಮೇಲಿರುತ್ತದೆ. 1941ರ ಡಿಸೆಂಬರ್ 1ರಂದು ನಿಮ್ಮದೇ ಸ್ಟುಟ್‌ಗಾರ್ಟ್‌ನ ಉತ್ತರ ನಿಲ್ದಾಣದಿಂದ ಸುಮಾರು 1000 ಯಹೂದಿಗಳನ್ನು ನಾಜಿಗಳು ರೈಲಿಗೆ ತುಂಬಿ ಲಾಟ್ವಿಯಾದ ರೀಗಾ ನಗರಕ್ಕೆ ಕಳಿಸಿದರು. ವಾಪಸ್ ಬಂದವರು ಕೆಲವರೇ. ಆ ಹಳಿಗಳು ಈಗಲೂ ಸ್ಮಾರಕವಾಗಿ ಅಲ್ಲಿವೆ, ಪಕ್ಕದ ಗೋಡೆಯ ಮೇಲೆ ಹೆಸರುಗಳಿವೆ. ಒಂದು ಭಾನುವಾರ ಹೋಗಿ ಬನ್ನಿ. ನಾವು ಹೊಸ್ತಿಲ ಮುಂದೆ ಶುಭ ಬರೆಯುತ್ತೇವೆ. ಅಲ್ಲಿ ಹೊಸ್ತಿಲ ಮುಂದೆ ಸತ್ತವರ ಹೆಸರಿದೆ.

ನಮ್ಮೂರಲ್ಲಿ ಬೀದಿಯ ಯಾವ ಮನೆಯಲ್ಲಿ ಸಾವಾದರೂ, ಹೆಣ ಎತ್ತುವವರೆಗೆ ನಮ್ಮಮ್ಮ ಬಾಗಿಲಿಗೆ ನೀರು ಹಾಕುತ್ತಿರಲಿಲ್ಲ, ರಂಗೋಲಿ ಎಳೆಯುತ್ತಿರಲಿಲ್ಲ. ಸತ್ತವರು ನೆಂಟರಾಗಿರಬೇಕು ಅಂತೇನಿರಲಿಲ್ಲ. ಜಗಳವಾಡಿದ ಮನೆಯಾದರೂ ಅಷ್ಟೇ. ರಂಗೋಲಿ ಕೆಟ್ಟದ್ದು ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ನಿಮ್ಮ ಅಮ್ಮನೂ ಹೀಗೇ ಮಾಡಿರುತ್ತಾರೆ, ಅಲ್ವಾ? ಆ ಬೀದಿಗಳ ಸೂತಕ ಇನ್ನೂ ಕಳೆದಿಲ್ಲ ಅಂದುಕೊಳ್ಳಿ. ಹೊರಗೆ ಸ್ವಸ್ತಿಕ ಬಿಟ್ಟರೆ ನೀವು ಸೋತ ಹಾಗಲ್ಲ. ಅಮ್ಮ ಕಲಿಸಿದ್ದನ್ನೇ ಪರದೇಶದಲ್ಲಿ ಮಾಡಿದ ಹಾಗೆ.

ಆದರೆ ಸುಮ್ನೆ ಅಳಿಸಿ ಕೂತರೆ ನನಗೆ ಸಮಾಧಾನವಿಲ್ಲ. ಅಜ್ಜಿಯ ಮನಸ್ಸಿನಲ್ಲಿ ನೀವು ಇನ್ನೂ ಆ ಗುರುತಿನವರೇ ಆಗಿದ್ದೀರಿ. ಮನೆಯಲ್ಲಿ ಮಾಡಿದ ಕೋಡುಬಳೆಯೋ ಕೊಬ್ಬರಿ ಮಿಠಾಯಿಯೋ ತಗೊಂಡು ಬಾಗಿಲು ತಟ್ಟಿ. ನಿಮ್ಮ ಜರ್ಮನ್ ಎಷ್ಟು ಬರುತ್ತದೋ ಅಷ್ಟರಲ್ಲೇ ಹೇಳಿ. ವಾದ ಬೇಡ, ‘ನಮ್ಮದು ಸಾವಿರಾರು ವರ್ಷದ್ದು’ ಎಂದು ಶುರು ಮಾಡಬೇಡಿ. ‘ನಿಮಗೆ ನೋವಾಯಿತು, ಕ್ಷಮಿಸಿ’ ಎನ್ನುವುದು ಮೊದಲು ಬರಲಿ. ಸ್ವಸ್ತಿಕದ ಕಥೆ ಆಮೇಲೆ, ಅವರು ಕೇಳಿದರೆ. ಬಾಗಿಲು ತೆರೆಯದಿದ್ದರೆ ನಾಲ್ಕು ಸಾಲಿನ ಚೀಟಿ ಬಿಟ್ಟು ಬನ್ನಿ.

ಮಗಳಿಗೆ ಎರಡೂ ಕಥೆ ಹೇಳಿ. ಊರಿನಲ್ಲಿ ಅವಳ ಅಜ್ಜಿ ಮನೆಯ ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಅದನ್ನು ಯಾಕೆ ಬರೆಯುತ್ತಾರೆ ಅಂತ ಹೇಳಿ. ಆ ರೈಲಿನ ಕಥೆಯನ್ನೂ ಅವಳ ವಯಸ್ಸಿಗೆ ತಕ್ಕಷ್ಟು ಹೇಳಿ. ಜರ್ಮನಿಯ ಶಾಲೆಗಳಲ್ಲಿ ಆ ಇತಿಹಾಸ ವಿವರವಾಗಿ ಕಲಿಸುತ್ತಾರೆ. ತರಗತಿಯಲ್ಲಿ ಆ ಚಿತ್ರ ಮೊದಲ ಸಲ ಕಂಡಾಗ ಅವಳು ಒಬ್ಬಳೇ ನಡುಗಬಾರದು. ಸ್ಕೂಲ್ ನೋಟ್‌ಬುಕ್ ಮೇಲೆ ಸ್ವಸ್ತಿಕ ಬೇಡ, ‘ಶ್ರೀ’ ಸಾಕು. ಅವಳ ಟೀಚರಿಗೂ ಈಗಲೇ ಒಂದು ಮಾತು ಹೇಳಿಡಿ.

ಮುಂದಿನ ಹಬ್ಬಕ್ಕೆ ಬಾಗಿಲ ಮುಂದೆ ಪದ್ಮ ಬರೆಯಿರಿ. ಚುಕ್ಕಿ ಇಡುವುದನ್ನು ಮಗಳಿಗೇ ಬಿಡಿ. ಅಜ್ಜಿ ಏನಂದರು ಅಂತ ನನಗೆ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.

– ಸಂಪಾದಕ