ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದಲ್ಲಿ ನಾಲ್ಕು ದಿನ ಆರಾಮವಾಗಿರಬೇಕು, ಪ್ರವಾಸಿಗರ ಜೇಬು ಖಾಲಿ ಮಾಡುವ ಜಾಗಗಳನ್ನು ತಪ್ಪಿಸುವುದು ಹೇಗೆ?

ಹೆಚ್ಚು ಜನ ಮೋಸ ಹೋಗುವುದು ಮೀನಿನ ತಟ್ಟೆಯಲ್ಲಿ. ಮೆನುವಿನಲ್ಲಿ ತಾಜಾ ಮೀನಿನ ಬೆಲೆ ಸಾಮಾನ್ಯವಾಗಿ ಕಿಲೋ ಲೆಕ್ಕದ್ದು, ತಟ್ಟೆಯದ್ದಲ್ಲ. 70 ಯೂರೋ ಎಂದಿದ್ದರೆ 600 ಗ್ರಾಂ ಮೀನಿಗೆ 42 ಯೂರೋ. ಬೇಯಿಸುವ ಮೊದಲೇ ನಿಮ್ಮೆದುರು ತೂಗಿಸಿ, ಮೊತ್ತ ಕೇಳಿಕೊಳ್ಳಿ. ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಅದು ಬಹುತೇಕ ಫ್ರೀಜರ್‌ನದ್ದು. ಕೇಳದೇ ತಂದಿಟ್ಟ ಬ್ರೆಡ್ಡಿಗೂ ಬಿಲ್ಲಿನಲ್ಲಿ ದುಡ್ಡು ಸೇರುತ್ತದೆ. ಬೇಡವಾದರೆ ಆಗಲೇ ವಾಪಸ್ ಕಳಿಸಿ. ಅಧಿಕೃತ ರಸೀದಿ ಕೊಡದಿದ್ದರೆ ಹಣ ಕೊಡಬೇಕಾಗಿಲ್ಲ ಎಂಬುದು ಅಲ್ಲಿನ ನಿಯಮ, ಹಾಗಾಗಿ ರಸೀದಿ ಕೇಳಲು ಸಂಕೋಚ ಬೇಡ.

ಸಸ್ಯಾಹಾರಿಗಳಿಗೆ ಈ ದ್ವೀಪ ನಿಜಕ್ಕೂ ಒಳ್ಳೆಯದು. ಇಲ್ಲಿನ ‘ಫಾವಾ’ ನಮ್ಮ ತೊವ್ವೆಯನ್ನೇ ಗಟ್ಟಿಯಾಗಿ ಅರೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕಿದಂತಿರುತ್ತದೆ. ಟೊಮೆಟೊ ವಡೆಯನ್ನೂ ಬಿಡಬೇಡಿ.

ಸೂರ್ಯಾಸ್ತಕ್ಕೆ ಎಲ್ಲರೂ ಓಯಾ ಹಳ್ಳಿಯ ಕೋಟೆಗೆ ನುಗ್ಗುತ್ತಾರೆ, ಕಾಲಿಡಲೂ ಜಾಗವಿರುವುದಿಲ್ಲ. ಇಮೆರೊವಿಗ್ಲಿಯಲ್ಲೋ ಪಿರ್ಗೋಸ್ ಹಳ್ಳಿಯ ತುದಿಯಲ್ಲೋ ನಿಲ್ಲಿ. ಓಯಾ ನೋಡಲೇಬೇಕಿದ್ದರೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಕ್ರೂಸ್ ಹಡಗಿನ ಜನ ಬರುವ ಮೊದಲು.

ಪೆರಿಸ್ಸಾ ಕಡಲತೀರಕ್ಕೆ ದ್ವೀಪದ ಮುಖ್ಯ ಪಟ್ಟಣ ಫಿರಾದಿಂದ ಕೆಟೆಲ್ (KTEL) ಎಂಬ ಸಾರ್ವಜನಿಕ ಬಸ್ಸಿದೆ, ಟ್ಯಾಕ್ಸಿಗಿಂತ ಬಹಳ ಅಗ್ಗ. ಕಪ್ಪು ಮರಳು ಮಧ್ಯಾಹ್ನ ಕಾದ ಕಾವಲಿಯಂತೆ ಸುಡುತ್ತದೆ, ಚಪ್ಪಲಿ ಬೇಕೇ ಬೇಕು. ಛತ್ರಿಯ ಕೆಳಗೆ ಒರಗುವ ಮೊದಲು ಬಾಡಿಗೆ ಎಷ್ಟು, ಊಟ ತಗೊಂಡರೆ ಬಿಡ್ತೀರಾ ಎಂದು ಕೇಳಿ. ಸಾಲಿಗೊಂದು ದರವಿರಬಹುದು, ನೀರಿಗೆ ಹತ್ತಿರದ್ದೇ ದುಬಾರಿ.